ಯಾರ ಮನೆಯ ಪೊಟ್ಟಣ

ನಮ್ಮ ಮಾವನವರು ಹೋಟೆಲಿನ ಮೆಟ್ಟಿಲು ಹತ್ತಿದವರಲ್ಲ. ರಾಜಾಜಿನಗರದಲ್ಲಿ ಬೀದಿಗೊಂದು ದರ್ಶಿನಿ ಬಂದು ಎಷ್ಟೋ ಕಾಲವಾಯಿತು. ಅವರು ಹೊರಗೆ ಒಂದು ಲೋಟ ಕಾಫಿ ಕುಡಿದದ್ದನ್ನು ನಾನಂತೂ ನೋಡಿಲ್ಲ. ಮದುವೆಮನೆಗೆ ಹೋದರೆ ಅಡುಗೆಯವರು ಯಾರು ಎಂದು ವಿಚಾರಿಸಿಕೊಂಡೇ ಎಲೆಯ ಮುಂದೆ ಕೂರುತ್ತಿದ್ದರು. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಟ್ಟುಬಿಟ್ಟೆ. ಅವತ್ತು ಅವರು ಊಟ ಬಿಟ್ಟರು, ಒಂದು ಮಾತೂ ಆಡದೆ. ಆ ಮೌನಕ್ಕಿಂತ ನಾಲ್ಕು ಬೈಗುಳ ಬೈದಿದ್ದರೆ ವಾಸಿ ಎನಿಸಿತ್ತು ನನಗೆ.

ಇಂಥ ಮನುಷ್ಯ ಪಕ್ಷದ ಸಮಾವೇಶಕ್ಕೆ ಹೋದಾಗ ಮಾತ್ರ ಯಾರು ಬೇಯಿಸಿದ್ದೋ ಗೊತ್ತಿಲ್ಲದ ಅನ್ನ ಉಣ್ಣುತ್ತಿದ್ದರು. ಅದಕ್ಕೊಂದು ಪದ್ಧತಿಯಿತ್ತು. ಸಮಾವೇಶದ ಹಿಂದಿನ ದಿನ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಳೆಎಲೆ, ಹಳೇ ಪೇಪರು, ದಾರ ಕೊಟ್ಟು ಬರುತ್ತಿದ್ದರು. ನಿಮ್ಮ ಮನೆಯಲ್ಲಿ ಏನು ಮಾಡುತ್ತೀರೋ ಅದರಲ್ಲೇ ಒಂದೆರಡು ಪೊಟ್ಟಣ ಹೆಚ್ಚಿಗೆ ಕಟ್ಟಿಡಿ, ಮಾಂಸ ಮೊಟ್ಟೆ ಮಾತ್ರ ಬೇಡ, ಬೇರೆ ಊರಿನಿಂದ ಬರುವವರ ಮಧ್ಯಾಹ್ನದ ಊಟಕ್ಕಾಗುತ್ತದೆ ಎಂದು ಕೇಳಿಕೊಳ್ಳುತ್ತಿದ್ದರು. ಮಾರನೆಯ ಬೆಳಿಗ್ಗೆ ಎಲ್ಲ ಮನೆಗಳ ಪೊಟ್ಟಣಗಳೂ ಒಂದೇ ಬುಟ್ಟಿಗೆ ಬೀಳುತ್ತಿದ್ದವು. ಎಲೆ ಒಂದೇ, ಪೇಪರು ಒಂದೇ, ದಾರ ಒಂದೇ. ಸಾಲಿನಲ್ಲಿ ಕೂತವರ ಕೈಗೆ ಯಾವುದು ಬಂತೋ ಅದೇ ಅವತ್ತಿನ ಊಟ. ಯಾರ ಮನೆಯದ್ದು ಎಂದು ಕೇಳುವ ಹಾಗಿಲ್ಲ. ಕಟ್ಟಿದ ಮೇಲೆ ಅದು ಪಕ್ಷದ ಅನ್ನ, ಯಾರ ಮನೆಯದ್ದೂ ಅಲ್ಲ ಎನ್ನುವುದು ಮಾವನವರ ಮಾತು.

ಮೊದಲ ಸಲ ಕೇಳಿದಾಗ ನಾನು ಒಳಗೊಳಗೇ ನಕ್ಕಿದ್ದೆ. ಮನೆಯಲ್ಲಿ ನೀರಿನ ತಂಬಿಗೆ ಯಾರು ಮುಟ್ಟಿದರು ಎಂದು ನೋಡುವವರು ಮೈದಾನದಲ್ಲಿ ಊರವರ ಅನ್ನ ತಿನ್ನುತ್ತಾರಲ್ಲ, ಇದೆಂಥ ಮಡಿ! ನನ್ನ ಗಂಡನನ್ನು ಕೇಳಿದರೆ, ಅಪ್ಪನ ಲೆಕ್ಕವೇ ಬೇರೆ, ನೀನು ತಲೆ ಕೆಡಿಸಿಕೊಳ್ಳಬೇಡ ಎಂದು ಪೇಪರಿನೊಳಗೆ ಮುಖ ಹುದುಗಿಸಿಕೊಂಡರು. ಅವರಿಗೆ ರಾಜಕೀಯ ಬೇಡ. ನನಗೂ ಬೇಕಾಗಿರಲಿಲ್ಲ. ನಾನು ಜ್ಞಾನಭಾರತಿಯ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ ಮಾಡಿಕೊಂಡಿದ್ದವಳು. ಪಕ್ಷ ನನಗೆ ತಾಳಿಯ ಜೊತೆಗೇ ಬಂತು. ಆದರೆ ಮಾವನವರಿಗೆ ವಯಸ್ಸಾಗುತ್ತ ಹೋದ ಹಾಗೆ ಎಲೆ, ದಾರ ಹಂಚುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ಗೊಣಗಿಕೊಂಡೇ ಶುರು ಮಾಡಿದೆ, ಆಮೇಲೆ ಯಾರಾದರೂ ಬೇಡ ಎಂದಿದ್ದರೆ ಜಗಳಕ್ಕೆ ಹೋಗುತ್ತಿದ್ದೆನೋ ಏನೋ.

ಇಂಗ್ಲಿಷ್ ಪೇಪರಿನವರು ನಮ್ಮ ಪಕ್ಷವನ್ನು ಕನ್ಸರ್ವೇಟಿವ್ ಎಂದು ಬರೆಯುತ್ತಿದ್ದರು. ಅದನ್ನು ಓದಿದರೆ ಮಾವನವರಿಗೆ ಖುಷಿ. ಇದ್ದದ್ದನ್ನು ಜೋಪಾನ ಮಾಡುವವರು ಅಂತ ಅರ್ಥ ಕಣಮ್ಮ, ಅದರಲ್ಲೇನು ನಾಚಿಕೆ ಎನ್ನುತ್ತಿದ್ದರು. ಅವರ ಜೋಪಾನ ಎಂದರೆ ಏನೇನೋ ಸೇರಿತ್ತು. ಕರಪತ್ರವನ್ನು ಗೇಟಿನ ಸಂದಿಗೆ ತುರುಕಬಾರದು, ಕೈಗೆ ಕೊಟ್ಟು ನಮಸ್ಕಾರ ಹೇಳಬೇಕು. ಮೈಕಿನಲ್ಲಿ ಕೂಗಬಾರದು. ತನ್ನ ಫೋಟೋ ತಾನು ಹಾಕಿಸಿಕೊಳ್ಳಬಾರದು. ಎದುರು ಪಕ್ಷದವರ ಮನೆಯಲ್ಲಿ ಸಾವಾದರೆ ಮೊದಲು ಹೋಗಿ ನಿಲ್ಲಬೇಕು. ಅವರ ಮಡಿ ನನಗೆ ಕೊನೆಯ ತನಕ ಒಗ್ಗಲಿಲ್ಲ, ಅದು ಬೇರೆ ಮಾತು. ಆದರೆ ಅವರ ಈ ಸಣ್ಣ ದನಿಯ ರಾಜಕೀಯದ ಮೇಲೆ ನನಗೆ ಪ್ರೀತಿಯೇ ಬಂದುಬಿಟ್ಟಿತ್ತು.

ಕಾಮಾಕ್ಷಿಪಾಳ್ಯದವಳು ನನಗೆ ಪರಿಚಯವಾದದ್ದು ಈ ಎಲೆ ಹಂಚುವ ಕೆಲಸದಲ್ಲೇ. ಲೇಔಟಿನ ಮನೆಗಳಲ್ಲಿ ಮಾತ್ರ ಪೊಟ್ಟಣ ಕೇಳಿದರೆ ಸಾಲದು, ಮಾಗಡಿ ರಸ್ತೆಯ ಆಚೆಗಿನ ವಠಾರಗಳಿಗೂ ಹೋಗಬೇಕು ಎಂದು ಮಾವನವರು ಹಟ ಹಿಡಿದು ಕಳಿಸುತ್ತಿದ್ದರು. ಅವಳು ಬಾಗಲಕೋಟೆ ಕಡೆಯವಳು. ಗಾರ್ಮೆಂಟ್ಸ್‌ನಲ್ಲಿ ಟೈಲರ್. ಗಂಡ ಅಲ್ಲೇ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ನಡೆಸುತ್ತಾನೆ. ಮೊದಲ ಸಲ ಎಲೆ ಕೊಟ್ಟಾಗಲೇ, ನಮ್ಮ ಕಡೆ ಊಟ ಅಂದರೆ ರೊಟ್ಟಿ, ಅದು ನಡೆಯುತ್ತದೆಯೇ ಎಂದು ಕೇಳಿದ್ದಳು. ಯಾಕೆ ನಡೆಯುವುದಿಲ್ಲ ಎಂದೆ. ಅಂದಿನಿಂದ ಪ್ರತಿ ಸಮಾವೇಶಕ್ಕೂ ಅವಳ ಮನೆಯಿಂದ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಕಡಲೆಕಾಯಿ ಚಟ್ನಿಪುಡಿ, ಒಂದು ಪಲ್ಯ. ಮುಂಜಾನೆ ಎದ್ದು ಬಡಿದು, ಶಿಫ್ಟಿಗೆ ಹೋಗುವ ಮುಂಚೆ ತಂದು ನಮ್ಮ ಗೇಟಿನ ಹತ್ತಿರ ಇಟ್ಟು ಹೋಗುತ್ತಿದ್ದಳು. ಒಂದೆರಡು ಎಂದು ಕೇಳಿದ್ದರೆ ಅವಳು ಚೀಲ ತುಂಬ ತರುತ್ತಿದ್ದಳು.

ಆಮೇಲೆ ಎಲ್ಲಾದರೂ ಸಿಕ್ಕಿದಾಗ ಅವಳದ್ದು ಒಂದೇ ಪ್ರಶ್ನೆ. ರೊಟ್ಟಿ ಯಾರು ತಿಂದರಂತೆ, ಏನಂದರಂತೆ, ಹಿಂಡಿಗೆ ಖಾರ ಜಾಸ್ತಿ ಆಗಿತ್ತೇನೋ. ಯಾರಿಗೆ ಹೋಯಿತೋ ನನಗೇನು ಗೊತ್ತು ಮಾರಾಯ್ತಿ, ಕೇಳುವ ಹಾಗಿಲ್ಲವಲ್ಲ ಎಂದು ನಾನು ನಗುತ್ತಿದ್ದೆ. ಅವಳೂ ನಗುತ್ತಿದ್ದಳು. ಆದರೆ ಮುಂದಿನ ಸಲ ಮತ್ತೆ ಕೇಳುತ್ತಿದ್ದಳು. ಅಡುಗೆ ಮಾಡಿದವಳಿಗೆ ಚೆನ್ನಾಗಿತ್ತು ಎಂಬ ಒಂದು ಮಾತು ಬೇಡವೇ? ನನಗೆ ಆ ಆಸೆ ಅರ್ಥವಾಗುತ್ತಿತ್ತು. ಇಷ್ಟು ವರ್ಷ ಈ ಮನೆಯಲ್ಲಿ ಅಡುಗೆ ಮಾಡಿದ್ದೇನೆ, ನನ್ನ ಗಂಡನ ಬಾಯಿಂದಲೂ ಅದು ಅಪರೂಪ.

ನಡುವೆ ಕೆಲವು ವರ್ಷ ಪೊಟ್ಟಣಗಳು ನಿಂತುಹೋದವು. ಪಕ್ಷ ದೊಡ್ಡದಾಯಿತು, ಕ್ಯಾಟರಿಂಗಿನವರು ಬಂದರು. ಡಬ್ಬಿಯಲ್ಲಿ ಪಲಾವ್ ಕೊಟ್ಟರು. ಮಾವನವರು ಆಗೆಲ್ಲ ಬಾಳೆಹಣ್ಣು ತಿಂದು ದಿನ ಕಳೆಯುತ್ತಿದ್ದರು.

ಹೀಗಿರುವಾಗ ಈಚೆಗೆ ನಮ್ಮ ಭಾಗಕ್ಕೆ ಹೊಸ ಅಧ್ಯಕ್ಷ ಬಂದ. ಇನ್ನೂ ನಲವತ್ತು ಆಗದ ಹುಡುಗ. ಮೂಡಲಪಾಳ್ಯದಲ್ಲಿ ಪ್ಲೈವುಡ್ ಅಂಗಡಿ ಇಟ್ಟಿದ್ದಾನೆ. ಹಣೆ ತುಂಬ ಕುಂಕುಮ, ಕೈಯಲ್ಲಿ ಯಾವಾಗಲೂ ಫೋನು. ನನಗೆ ಮೊದಮೊದಲು ಅವನನ್ನು ಕಂಡರೆ ಅಷ್ಟಕ್ಕಷ್ಟೇ. ಆದರೆ ಹುಡುಗ ಕೆಟ್ಟವನಲ್ಲ. ಮಾವನವರು ಬಿದ್ದು ಸೊಂಟ ಉಳುಕಿಸಿಕೊಂಡಾಗ ನನ್ನ ಗಂಡನಿಗಿಂತ ಮೊದಲು ಆಸ್ಪತ್ರೆಗೆ ಬಂದು ನಿಂತವನು ಅವನೇ. ಬಂದಾಗಲೆಲ್ಲ ಅವರ ಕಾಲು ಮುಟ್ಟಿ, ತಾತ ತಾತ ಎಂದು ಪಕ್ಕದಲ್ಲೇ ಕೂರುತ್ತಿದ್ದ.

ಕೆಂಗೇರಿಯ ಆಚೆ ದೊಡ್ಡ ಸಮಾವೇಶ ಎಂದು ಗೊತ್ತಾದಾಗ ಅವನೇ ಓಡಿ ಬಂದ. ಈ ಸಲ ಕ್ಯಾಟರಿಂಗ್ ಬೇಡ, ನಿಮ್ಮ ಕಾಲದ ಪೊಟ್ಟಣ ಮತ್ತೆ ಶುರು ಮಾಡೋಣ, ಅದು ನಮ್ಮ ಪರಂಪರೆ ಎಂದ. ಮಾವನವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಅವರನ್ನು ಹಜಾರದಲ್ಲಿ ಕೂರಿಸಿ ಫೋನಿನಲ್ಲಿ ವಿಡಿಯೋ ಮಾಡಿಕೊಂಡ. ಫೋಟೋ ಬೇಡ ಎನ್ನುವ ಮಾವನವರು ಪೊಟ್ಟಣದ ಸಲುವಾಗಿ ಅದಕ್ಕೂ ಒಪ್ಪಿದರು. ಎಲೆ, ಪೇಪರು, ದಾರದ ಕಥೆಯನ್ನೆಲ್ಲ ನಿಧಾನವಾಗಿ ಹೇಳಿ, ಇಷ್ಟು ವರ್ಷದಲ್ಲಿ ಒಂದು ದಿನವೂ ಇದು ಯಾರ ಮನೆಯದ್ದು ಎಂದು ನಾನು ಕೇಳಿಲ್ಲ ಎಂದು ಮುಗಿಸಿದರು. ಹುಡುಗನ ಕಣ್ಣಲ್ಲಿ ನೀರು ಬಂತು. ಅದು ನಾಟಕವಲ್ಲ, ನಾನು ಪಕ್ಕದಲ್ಲೇ ನಿಂತಿದ್ದೆ.

ಕಣ್ಣೊರೆಸಿಕೊಂಡ ಅದೇ ಕೈಯಲ್ಲಿ ಅವನು ಬ್ಯಾಗಿನಿಂದ ಒಂದು ಸ್ಟಿಕರ್ ತೆಗೆದು ತೋರಿಸಿದ. ಹಸಿರು ಅಂಚು, ಪಕ್ಷದ ಗುರುತು, ಕೆಳಗೆ ಮನೆಯವರ ಹೆಸರು, ಬಡಾವಣೆ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಶುದ್ಧ ಸಸ್ಯಾಹಾರಿ ಮನೆ. ಪ್ರತಿ ಪೊಟ್ಟಣದ ಮೇಲೂ ಒಂದು ಅಂಟಿಸುವುದಂತೆ. ಯಾವ ಮನೆಯಲ್ಲಿ ಮಾಂಸ ಬೇಯುವುದಿಲ್ಲವೋ ಆ ಮನೆಗಳಿಂದ ಮಾತ್ರ ಪೊಟ್ಟಣ.

ಮಾವನವರು ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದರು. "ಇದ್ಯಾಕಪ್ಪ?" ಎಂದರು.

"ಈಗಿನ ಜನ ಕೇಳ್ತಾರೆ ತಾತ. ಗೊತ್ತಿಲ್ಲದೆ ಇದ್ರೆ ಮುಟ್ಟಲ್ಲ, ಎಲ್ಲಾ ವೇಸ್ಟ್ ಆಗುತ್ತೆ. ನಿಮ್ಮಂಥ ಹಿರಿಯರು ನೆಮ್ಮದಿಯಾಗಿ ತಿನ್ನಲಿ ಅಂತಾನೇ ಮಾಡ್ಸಿರೋದು."

ಮಾವನವರು ಸ್ಟಿಕರನ್ನು ಅವನ ಕೈಗೇ ವಾಪಸು ಕೊಟ್ಟರು. ಹುಡುಗ ಅದನ್ನು ಒಪ್ಪಿಗೆ ಎಂದುಕೊಂಡು ಕಾಲು ಮುಟ್ಟಿ ಹೊರಟುಹೋದ. ಅವತ್ತು ಮಧ್ಯಾಹ್ನ ಮಾವನವರು ಎರಡೇ ತುತ್ತು ಅನ್ನ ತಿಂದು ಎದ್ದರು. ಸಾರು ಸರಿಯಿಲ್ಲವೇ ಎಂದು ಕೇಳಿದೆ. ಸಾರಿಗೇನೂ ಆಗಿಲ್ಲ ಎಂದರು.

ನಾನು ಎಲೆ, ದಾರ ಹಿಡಿದು ಕಾಮಾಕ್ಷಿಪಾಳ್ಯಕ್ಕೆ ಹೋಗುವ ಹೊತ್ತಿಗೆ ಅವಳಿಗೆ ಸುದ್ದಿ ಮುಟ್ಟಿಬಿಟ್ಟಿತ್ತು. ವಾಟ್ಸಾಪಿನಲ್ಲಿ ಮಾವನವರ ವಿಡಿಯೋ ನೋಡಿದ್ದಳು. ಸ್ಟಿಕರಿನ ವಿಷಯವೂ ಅರ್ಧಂಬರ್ಧ ಗೊತ್ತಿತ್ತು, ಹೆಸರು ಹಾಕುತ್ತಾರೆ ಎನ್ನುವಷ್ಟು ಮಾತ್ರ. ನಾನು ಚಪ್ಪಲಿ ಬಿಡುವ ಮುಂಚೆಯೇ ಕೇಳಿದಳು.

"ಅಕ್ಕಾರ, ನಮ್ಮ ಹೆಸರೂ ಬರತೈತೇನ್ರಿ ಅದರ ಮ್ಯಾಲ?"

ಅವಳ ಮನೆಯಲ್ಲಿ ಮಾಂಸ ಬೇಯುತ್ತದೆ ಎಂದು ನನಗೆ ಗೊತ್ತಿತ್ತು. ಅವಳು ಸಂಭ್ರಮದಲ್ಲಿದ್ದಳು. ಈ ಸಲ ರೊಟ್ಟಿ ತಿಂದವರಿಗೆ ಇದು ಇಂಥವಳ ಮನೆಯದ್ದು ಎಂದು ಗೊತ್ತಾಗುತ್ತದೆ, ಯಾರಾದರೂ ಹುಡುಕಿಕೊಂಡು ಬಂದು ಒಂದು ಮಾತು ಹೇಳಿದರೂ ಹೇಳಬಹುದು ಎಂಬುದು ಅವಳ ಲೆಕ್ಕ. ಊರಿನಿಂದ ಹೊಸ ಜೋಳ ತರಿಸಿದ್ದಾಳಂತೆ. ಅಯ್ಯೋ, ನಾನು ಆ ಸ್ಟಿಕರನ್ನು ಕಂಡ ಗಳಿಗೆಯಿಂದ ಹಲ್ಲು ಕಡಿಯುತ್ತಿದ್ದೆ, ಇವಳಿಗೆ ಅದೇ ಬೇಕಾಗಿದೆ. ನಮ್ಮ ಹಳೆಯ ಪದ್ಧತಿಯಲ್ಲಿ ಯಾರೂ ಕೇಳುತ್ತಿರಲಿಲ್ಲ ಎಂದು ನಾವು ಇಷ್ಟು ಜಂಬ ಪಡುತ್ತೇವಲ್ಲ, ಯಾರೂ ಕೇಳದೆ ಇದ್ದದ್ದು ಅವಳಿಗೆ ಎಷ್ಟು ಬೇಜಾರಾಗಿತ್ತು ಎಂದು ನನಗೆ ಆಗಲೇ ಹೊಳೆದದ್ದು. ವಿಚಾರಿಸಿ ಹೇಳುತ್ತೇನೆ ಎಂದು ಎಲೆಗಳನ್ನು ಅಲ್ಲೇ ಇಟ್ಟು ಬಂದೆ.

ಮನೆಗೆ ಬಂದವಳೇ ಅಧ್ಯಕ್ಷನಿಗೆ ಫೋನ್ ಮಾಡಿ ಬಾ ಎಂದೆ. ನನ್ನ ನಾಲಿಗೆ ಸ್ವಲ್ಪ ಉದ್ದ, ಇಡೀ ಬೀದಿಗೆ ಗೊತ್ತು. ಅವನು ಬಂದು ಕೂತ ಮೇಲೆ ಬಾಯಿಗೆ ಬಂದ ಹಾಗೆ ಅಂದೆ. ನೀನು ಕಣ್ಣೀರು ಹಾಕಿದ್ದು ಯಾವುದಕ್ಕೆ, ಅಂಟಿಸುತ್ತಿರುವುದು ಯಾವುದನ್ನು, ನಾಚಿಕೆಯಾಗುವುದಿಲ್ಲವೇ? ಇಷ್ಟು ವರ್ಷ ನಿದ್ದೆಗೆಟ್ಟು ರೊಟ್ಟಿ ಬಡಿದು ಕೊಟ್ಟವಳ ಹತ್ತಿರ ಹೋಗಿ, ನಿನ್ನ ಮನೆ ಶುದ್ಧವಲ್ಲ, ನಿನ್ನ ಕೈಯದ್ದು ಬೇಡ ಎಂದು ನಾನು ಹೇಳಬೇಕೋ, ನೀನು ಹೇಳುತ್ತೀಯೋ? ಅವನು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡ. ಆಮೇಲೆ, ನನಗೆ ಸಮಾಧಾನವಾಗಲಿ ಎಂದು ಒಂದು ಉಪಾಯ ಹೇಳಿದ. ಅವಳ ರೊಟ್ಟಿಯನ್ನು ಬಿಡುವುದು ಬೇಡ, ಅವಳ ಪೊಟ್ಟಣಗಳಿಗೆ ನಮ್ಮ ಮನೆಯ ಸ್ಟಿಕರ್ ಅಂಟಿಸಿ ಕಳಿಸಿಬಿಡೋಣ, ಯಾರಿಗೂ ಗೊತ್ತಾಗುವುದಿಲ್ಲ, ಅವಳಿಗೂ ಬೇಜಾರಾಗುವುದಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಆದರೆ ಅವನ ಮುಖ ನೋಡಿದರೆ ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದಾನೆ. ನಿನಗೆ ಯಾಕಪ್ಪ ಇದರ ಮೇಲೆ ಇಷ್ಟು ಹಟ ಎಂದು ಕೇಳಿದೆ. ಹೇಳಿದ. ಅವನ ಮನೆಯಲ್ಲೂ ಎಲ್ಲ ತಿನ್ನುತ್ತಾರಂತೆ. ಅಪ್ಪ ಬಸ್ ಡ್ರೈವರ್ ಆಗಿದ್ದವರು, ಭಾನುವಾರ ಕೋಳಿ ಇಲ್ಲದೆ ಅವರಿಗೆ ಭಾನುವಾರವೇ ಅಲ್ಲ. ಪಕ್ಷಕ್ಕೆ ಬಂದ ಮೇಲೆ ಇವನೊಬ್ಬನೇ ಬಿಟ್ಟ. ಅಮ್ಮ ಅತ್ತರು, ತಮ್ಮಂದಿರು ಗೇಲಿ ಮಾಡಿದರು, ಈಗಲೂ ಒಬ್ಬನೇ ಬೇರೆ ಪಾತ್ರೆಯಲ್ಲಿ ಬೇಯಿಸಿಕೊಂಡು ತಿನ್ನುತ್ತಾನೆ. ಪಕ್ಷದ ದೊಡ್ಡವರ ಪಕ್ಕ ಊಟಕ್ಕೆ ಕೂತಾಗ ತಾನು ಅವರಿಗೆ ಸಮ ಎಂದು ಅನಿಸಿದ್ದು ಅದನ್ನು ಬಿಟ್ಟ ಮೇಲೆಯೇ ಅಂತೆ.

"ನಿಮಗೆ ಹುಟ್ಟಿನಿಂದ ಬಂತು ಆಂಟಿ. ಬೇಕಾದ್ರೆ ಸಡಿಲ ಬಿಡ್ತೀರ, ಯಾರೂ ಏನೂ ಅನ್ನಲ್ಲ. ನಾನು ಕಷ್ಟಪಟ್ಟು ಸಂಪಾದಿಸಿದ್ದು. ನನಗೆ ಅದನ್ನ ತೋರಿಸ್ಕೋಬೇಕು."

ನನ್ನ ಕೋಪ ಎಲ್ಲಿ ಹೋಯಿತೋ. ಮಾವನವರು ಸಂಪ್ರದಾಯ ಎನ್ನುವುದು ಒಂದನ್ನು, ಈ ಹುಡುಗ ಎನ್ನುವುದು ಇನ್ನೊಂದನ್ನು. ಅವರಿಗೆ ಅದು ತಾತನ ಮನೆಯಿಂದ ಬಂದ ಹಿತ್ತಾಳೆ ಪಾತ್ರೆ, ಒಂದು ಪೆಟ್ಟು ಬಿದ್ದರೂ ಪಾತ್ರೆ ಪಾತ್ರೆಯೇ. ಇವನಿಗೆ ಈಗಷ್ಟೇ ತಂದ ಗಾಜಿನ ಲೋಟ. ಪಕ್ಷ ಅದೇ, ಬಾವುಟ ಅದೇ, ಬಾಯಲ್ಲಿ ಬರುವ ಪದಗಳೂ ಅವೇ. ಯಾರನ್ನು ಬೈಯಲಿ ನಾನು? ಅವನಿಗೆ ಕಾಫಿ ಮಾಡಿಕೊಟ್ಟೆ. ಆದರೆ ನಮ್ಮ ಸ್ಟಿಕರ್ ಅವಳ ರೊಟ್ಟಿಯ ಮೇಲೆ ಬೀಳುವುದಿಲ್ಲ ಎಂದು ಮಾತ್ರ ಖಡಾಖಂಡಿತವಾಗಿ ಹೇಳಿದೆ.

ಅವನು ಹೋದ ಮೇಲೆ ಮಾವನವರ ಕೋಣೆಗೆ ಹೋದೆ. ಎಲ್ಲ ಕೇಳಿಸಿಕೊಂಡೇ ಇದ್ದರು. ನೀವು ಒಂದು ಮಾತು ಹೇಳಿದರೆ ಅವನು ಈ ಕ್ಷಣ ಸ್ಟಿಕರ್ ಹರಿದು ಹಾಕುತ್ತಾನೆ, ಹೇಳಿ ಎಂದೆ. ಅಧ್ಯಕ್ಷರು ತೀರ್ಮಾನ ಮಾಡಿದ ಮೇಲೆ ಮುಗಿಯಿತಮ್ಮ, ಅದು ಶಿಸ್ತು ಎಂದರು. ಶಿಸ್ತಂತೆ ಶಿಸ್ತು! ನಿಮ್ಮ ಹೆಸರು ಹೇಳಿಕೊಂಡೇ ಆ ಹೆಣ್ಣುಮಗಳನ್ನು ದೂರ ಇಡುತ್ತಿದ್ದಾರೆ, ನಿಮಗೆ ಏನೂ ಅನಿಸುವುದಿಲ್ಲವೇ ಎಂದು ದನಿ ಎತ್ತಿಯೇ ಕೇಳಿದೆ. ಸೊಸೆಯಾಗಿ ಬಂದಂದಿನಿಂದ ಅವರ ಮುಂದೆ ಅಷ್ಟು ಜೋರಾಗಿ ಮಾತಾಡಿದವಳಲ್ಲ. ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಅವಳಿಗೆ ನಾನೇ ಹೋಗಿ ಹೇಳಿದೆ. ಸುತ್ತಿ ಬಳಸಲಿಲ್ಲ. ಮಾಂಸ ಬೇಯಿಸುವ ಮನೆಯದ್ದು ಈ ಸಲ ಬೇಡವಂತೆ, ನನಗೆ ಇದು ಸ್ವಲ್ಪವೂ ಸರಿ ಕಾಣುವುದಿಲ್ಲ, ಆದರೆ ತಡೆಯುವುದು ನನ್ನ ಕೈಯಲ್ಲಾಗಲಿಲ್ಲ ಎಂದೆ. ಅವಳು ಬಾಳೆಎಲೆಯ ಕಟ್ಟನ್ನು ನೀಟಾಗಿ ಮಡಿಸಿ ನನ್ನ ಕೈಗಿಟ್ಟಳು. ರಜೆ ಹಾಕಿದ್ದಾಗಿದೆ, ಸಮಾವೇಶಕ್ಕಂತೂ ಬರುತ್ತೇನೆ, ನನ್ನ ಬುತ್ತಿ ನಾನು ತರುತ್ತೇನೆ, ಅದಕ್ಕೇನೂ ಅಡ್ಡಿಯಿಲ್ಲವಲ್ಲ ಎಂದು ಕೇಳಿದಳು.

ಸಮಾವೇಶದ ದಿನ ಮಾವನವರನ್ನು ಪಕ್ಷದವರು ಕಾರಿನಲ್ಲಿ ಕರೆದುಕೊಂಡು ಹೋದರು. ನಾನೂ ಜೊತೆಗೆ ಹೋದೆ. ಶಾಮಿಯಾನದ ಮೊದಲ ಸಾಲಿನಲ್ಲಿ ಅವರಿಗೆ ಕುರ್ಚಿ, ಕುತ್ತಿಗೆಗೆ ಶಾಲು. ಭಾಷಣಗಳು ಮುಗಿದು ಊಟದ ಹೊತ್ತಾಯಿತು. ಬುಟ್ಟಿಗಳು ಬಂದವು. ಹಿಂದೆಲ್ಲ ಬುಟ್ಟಿ ಬಂದರೆ ಕೈ ಚಾಚಿ ಸಿಕ್ಕಿದ್ದು ತೆಗೆದುಕೊಂಡು ಕೂರುತ್ತಿದ್ದರು. ಈಗ ಜನ ಬುಟ್ಟಿಯ ಸುತ್ತ ಬಗ್ಗಿ ನಿಂತು ಸ್ಟಿಕರ್ ಓದತೊಡಗಿದರು. ಇದು ಬಸವೇಶ್ವರನಗರದ್ದು, ಇದು ವಿಜಯನಗರದ್ದು, ಇವರ ಮನೆ ಗೊತ್ತು ತಗೋ, ಇವರು ಯಾರೋ ಗೊತ್ತಿಲ್ಲ ಬಿಡು. ಎಲ್ಲವೂ ಶುದ್ಧ ಮನೆಗಳೇ, ಆದರೂ ಹೆಸರು ನೋಡಿ ಜಾತಿ ಯಾವುದಿರಬಹುದು ಎಂದು ಆರಿಸುತ್ತಿದ್ದರು. ತರಕಾರಿ ಕೊಳ್ಳುವವರ ಹಾಗೆ ಒಂದನ್ನು ಎತ್ತಿ ಇನ್ನೊಂದನ್ನು ಇಡುತ್ತಿದ್ದರು. ಅಧ್ಯಕ್ಷ ಹುಡುಗ ಬುಟ್ಟಿಯ ಪಕ್ಕ ನಿಂತು ನೋಡುತ್ತಲೇ ಇದ್ದ. ಅವನ ಮುಖದಲ್ಲಿ ಕಳೆಯಿರಲಿಲ್ಲ.

ಮಾವನವರಿಗೆಂದು ಒಂದು ಪೊಟ್ಟಣವನ್ನು ಬೇರೆಯೇ ತೆಗೆದಿಟ್ಟಿದ್ದರು. ಸ್ವಯಂಸೇವಕನೊಬ್ಬ ತಂದುಕೊಟ್ಟ. ಅದರ ಮೇಲೆ ನಮ್ಮದೇ ಮನೆಯ ಹೆಸರು, ನಾನು ಬೆಳಿಗ್ಗೆ ಕಟ್ಟಿದ ಪುಳಿಯೋಗರೆ. ಮನೆ ಊಟ ಉಣ್ಣಲು ಇಷ್ಟು ದೂರ ಬರಬೇಕಿತ್ತೇ ಎಂದು ಮಾವನವರು ಕೇಳಿದರು. ತಮಾಷೆ ಎಂದುಕೊಂಡು ಅವನು ನಕ್ಕು ಹೋದ. ಮಾವನವರು ಪೊಟ್ಟಣ ಬಿಚ್ಚಲಿಲ್ಲ. ಆ ಬುಟ್ಟಿಯ ಕಡೆ ನೋಡುತ್ತ ಕೂತರು. ಆಮೇಲೆ ಕಾಮಾಕ್ಷಿಪಾಳ್ಯದವರು ಎಲ್ಲಿ ಕೂತಿದ್ದಾರೆ ಎಂದು ನನ್ನನ್ನು ಕೇಳಿದರು.

ಅವಳು ಕೊನೆಯ ಸಾಲಿನ ಆಚೆ, ಬಟ್ಟೆಯ ಚೀಲ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ನನ್ನ ತೋಳು ಹಿಡಿದು ಅಷ್ಟು ದೂರ ನಡೆದು ಬರುವಷ್ಟರಲ್ಲಿ ಮಾವನವರಿಗೆ ಏದುಸಿರು ಬಂದಿತ್ತು. ಅವಳು ಗಾಬರಿಯಿಂದ ಎದ್ದು ನಿಂತಳು. ಯಾರೋ ಕುರ್ಚಿ ತಂದರು, ಇವರು ಕೂತರು. ತಮ್ಮ ಪೊಟ್ಟಣವನ್ನು ಅವಳ ಕೈಗೆ ಕೊಟ್ಟು, ಇದು ನನ್ನ ಸೊಸೆ ಮಾಡಿದ್ದು, ನೀವು ತಗೊಳ್ಳಿ, ನಿಮ್ಮ ಬುತ್ತಿಯಲ್ಲಿ ನನಗೆ ಸ್ವಲ್ಪ ಕೊಡಿ ಎಂದರು.

ಅವಳು ಚೀಲ ಬಿಚ್ಚಲಿಲ್ಲ. ನನ್ನ ಮುಖ ನೋಡಿದಳು. ಆಮೇಲೆ ಅವರನ್ನೇ ನೇರವಾಗಿ ನೋಡಿ ಹೇಳಿದಳು.

"ಅಜ್ಜಾರ, ನಮ್ಮನ್ಯಾಗ ಎಲ್ಲಾ ತಿಂತೇವ್ರಿ."

"ಗೊತ್ತಮ್ಮ."

ಚೀಲ ಬಿಚ್ಚಿದಳು. ರೊಟ್ಟಿ, ಹಿಂಡಿ, ಒಂದು ಡಬ್ಬಿಯಲ್ಲಿ ಮೊಸರು. ಮಾವನವರ ಕೈ ರೊಟ್ಟಿಯ ಮೇಲೆ ಹೋಗಿ ನಿಂತಿತು. ಈಗ ಆ ಕೈ ಹಿಂದೆ ಬಂದರೆ ನಾನು ಜನ್ಮದಲ್ಲಿ ಇವರನ್ನು ಕ್ಷಮಿಸುವುದಿಲ್ಲ ಎಂದುಕೊಂಡೆ. ಅಧ್ಯಕ್ಷ ಹುಡುಗನೂ ನಮ್ಮ ಹಿಂದೆಯೇ ಬಂದಿದ್ದ. ಅಭ್ಯಾಸಬಲದಿಂದ ಫೋನ್ ಎತ್ತಿದವನು, ಏನನಿಸಿತೋ, ತಾನಾಗಿಯೇ ಕೆಳಗಿಳಿಸಿ ಜೇಬಿಗೆ ಹಾಕಿಕೊಂಡ.

ಮಾವನವರು ರೊಟ್ಟಿಯ ಒಂದು ಚೂರು ಮುರಿದು ಬಾಯಿಗಿಟ್ಟರು. ಅಗಿಯಲು ಆಗಲಿಲ್ಲ. ಅವರ ಬಾಯಲ್ಲಿ ಈಗ ಒಂದು ಹಲ್ಲೂ ಇಲ್ಲ, ಕಟ್ಟಿಸಿದ ಸೆಟ್ಟು ಚುಚ್ಚುತ್ತದೆಂದು ಮನೆಯಲ್ಲೇ ಬಿಟ್ಟು ಬಂದಿದ್ದರು. ಅವಳು ಅದನ್ನು ನೋಡಿದವಳೇ ಡಬ್ಬಿಯ ಮುಚ್ಚಳ ತೆಗೆದು ರೊಟ್ಟಿಯನ್ನು ಪುಡಿಮಾಡಿ ಮೊಸರಿಗೆ ಹಾಕಿ, ಮೇಲೆ ಹಿಂಡಿ ಉದುರಿಸಿ ಕೊಟ್ಟಳು. ಇವರು ಬೆರಳಲ್ಲಿ ಬಗೆದು ತಿಂದರು. ಖಾರಕ್ಕೆ ಕೆಮ್ಮಿದರು, ನೀರು ಕುಡಿದರು, ಮತ್ತೆ ತಿಂದರು.

"ಚೆನ್ನಾಗಿದೆ ಕಣಮ್ಮ," ಎಂದರು.

ಅವಳ ಮುಖವನ್ನು ನಾನು ಹೇಗೆ ಹೇಳಲಿ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗಲಿಕ್ಕೆ ಹೋದಳು, ಕಣ್ಣು ತುಂಬಿಕೊಂಡುಬಿಟ್ಟವು. ನನಗೂ ಅಳು ಬಂತು. ಇಷ್ಟೇ ಅಲ್ಲವೇ ಅವಳು ಇಷ್ಟು ವರ್ಷ ನನ್ನ ಹತ್ತಿರ ಕೇಳಿಕೊಂಡು ಬಂದದ್ದು. ಕಣ್ಣೊರೆಸಿಕೊಂಡು ಅವಳು ಇನ್ನೊಂದು ಮಾತು ಕೇಳಿದಳು.

"ಹಿಂದೆಲ್ಲಾ ನಮ್ಮ ರೊಟ್ಟಿ ಯಾರ್ಯಾರ ಕೈಗೆ ಹೋಗಿತ್ತೋ, ಅವರೂ ಹಿಂಗ ಅಂದಿರಬೇಕಲ್ರಿ ಅಜ್ಜಾರ?"

ಅಂದೇ ಅಂದಿರುತ್ತಾರೆ ಎಂಬ ಮಾತು ನನ್ನ ತುಟಿಯ ತನಕ ಬಂದಿತ್ತು. ಯಾರಾಗಿದ್ದರೂ ಅದನ್ನೇ ಹೇಳುತ್ತಿದ್ದರು. ಮಾವನವರು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಹುಡುಗನ ಕಡೆ ಒಮ್ಮೆ ನೋಡಿದರು. ಆಮೇಲೆ ಅವಳಿಗೇ ಹೇಳಿದರು.

"ನನ್ನ ಕೈಗೂ ಬರ್ತಿತ್ತಮ್ಮ. ಹಿಡ್ಕೊಂಡ ತಕ್ಷಣ ಗಟ್ಟಿ ಹತ್ತೋದು, ರೊಟ್ಟಿ ಅಂತ ಗೊತ್ತಾಗೋದು. ಯಾವ ಕಡೆ ಮನೇದು ಅಂತಾನೂ ಗೊತ್ತಾಗೋದು. ಕೇಳ್ತಿರ್ಲಿಲ್ಲ, ಅಷ್ಟೇ. ನನಗೆ ಹಲ್ಲಿಲ್ಲ ಅಂತ ಹೇಳಿ ಪಕ್ಕದವರಿಗೆ ದಾಟಿಸಿ, ಅವರ ಅನ್ನದ ಪೊಟ್ಟಣ ತಗೋತಿದ್ದೆ." ಮುಖ ಎತ್ತಿ ಅವಳನ್ನೇ ನೋಡಿದರು. "ಆಗ ನನಗೆ ಹಲ್ಲಿತ್ತು."

ಹುಡುಗ ನೆಲ ನೋಡುತ್ತ ನಿಂತಿದ್ದ. ನನಗೆ ಮಾವನವರ ಮುಖ ನೋಡಲು ಧೈರ್ಯವಾಗಲಿಲ್ಲ. ಅವಳು ಕೈಯಲ್ಲಿದ್ದ ರೊಟ್ಟಿಯನ್ನು ಹಾಗೇ ಹಿಡಿದುಕೊಂಡು ಅವರನ್ನು ನೋಡುತ್ತಿದ್ದಳು. ಬೈಯುತ್ತಾಳೆ, ಇಲ್ಲ ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಿದ್ದರೂ ನ್ಯಾಯವೇ ಆಗುತ್ತಿತ್ತು. ಅವಳು ಅವರ ತೊಡೆಯ ಮೇಲಿದ್ದ ಡಬ್ಬಿಯನ್ನು ತೆಗೆದುಕೊಂಡಳು. ಉಳಿದ ರೊಟ್ಟಿಯನ್ನೂ ಅದರೊಳಗೆ ಮುರಿದು ಹಾಕಿ, ಮೊಸರಿನಲ್ಲಿ ಬೆರಳಿನಿಂದ ಒತ್ತಿ ಒತ್ತಿ ನೆನೆಸಿ, ಮತ್ತೆ ಅವರ ಕೈಗೇ ಕೊಟ್ಟಳು.

"ಈಗ ಮೆತ್ತಗಾಗೈತ್ರಿ," ಎಂದಳು. "ತಿನ್ರಿ."